ಮಲಾವಿಗೆ ಹೊರಡುವ ಮೊದಲು ಬೋರಿಂಗ್ ರಿಪೇರಿ ನೋಡಿದೆ

ನಾನು ಕೆನಡಾದಲ್ಲಿ ಸಿವಿಲ್ ಇಂಜಿನಿಯರಿಂಗ್ ಓದುತ್ತಿದ್ದೇನೆ. ಊರು ವಿಜಯಪುರ ಜಿಲ್ಲೆ. ಬರುವ ಮೇ ತಿಂಗಳಲ್ಲಿ ಎಂಜಿನಿಯರ್ಸ್ ವಿದೌಟ್ ಬಾರ್ಡರ್ಸ್ ಕೆನಡಾ ಸಂಸ್ಥೆಯ ಜೂನಿಯರ್ ಫೆಲೋ, ಅಂದರೆ ವಿದ್ಯಾರ್ಥಿ ಸ್ವಯಂಸೇವಕಿ, ಆಗಿ ಆಫ್ರಿಕಾದ ಮಲಾವಿಗೆ ಹೋಗುತ್ತಿದ್ದೇನೆ. ಬೇಸಿಗೆ ರಜೆ ಮುಗಿಯುವವರೆಗೆ ಅಲ್ಲಿನ ಒಂದು ಮನೆಯವರ ಜೊತೆ ಇರುತ್ತೇನೆ. ಕೆಲಸ ಜಿಲ್ಲಾ ನೀರಿನ ಕಚೇರಿಯಲ್ಲಿ. ಯಾವ ಹಳ್ಳಿಯ ಕೈಪಂಪು ನಡೆಯುತ್ತಿದೆ, ಯಾವುದು ಕೆಟ್ಟು ನಿಂತಿದೆ ಅನ್ನೋ ಲೆಕ್ಕ ಇಡೋದಕ್ಕೆ ನಾನು ಅಲ್ಲಿನ ಸಿಬ್ಬಂದಿಗೆ ನೆರವಾಗಬೇಕು. ಹೊಸ ಬೋರ್‌ವೆಲ್ ಎಲ್ಲಿ ಕೊರೆಸಬೇಕು ಅಂತ ತೀರ್ಮಾನಿಸುವ ದಿನ ಆ ಲೆಕ್ಕ ಮೇಜಿನ ಮೇಲೆ ಇರಬೇಕು, ಅಲ್ವಾ?

ಈ ಸಂಸ್ಥೆಯನ್ನು 2000ರಲ್ಲಿ ಜಾರ್ಜ್ ರೋಟರ್ ಮತ್ತು ಪಾರ್ಕರ್ ಮಿಚೆಲ್ ಕಟ್ಟಿದರು. ಇಬ್ಬರೂ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ಓದಿದ ಎಂಜಿನಿಯರುಗಳು. ತಮ್ಮ ಯಾವ ಕೆಲಸ ಸೋತಿತು, ಯಾಕೆ ಸೋತಿತು ಅಂತ ಈ ಸಂಸ್ಥೆ ವರದಿ ಬರೆದು ಎಲ್ಲರ ಮುಂದೆ ಇಟ್ಟಿದೆ. ದುಡ್ಡು ಕೊಡುವವರು ಓದುತ್ತಾರೆ ಅಂತ ಗೊತ್ತಿದ್ದೂ ಹಾಗೆ ಬರೆಯೋದಕ್ಕೆ ಧೈರ್ಯ ಬೇಕು. ನಾನು ಅರ್ಜಿ ಹಾಕಿದ್ದಕ್ಕೆ ಅದೇ ಮುಖ್ಯ ಕಾರಣ.

ತಯಾರಿಗೆ ಅಂತ ಪುಸ್ತಕ, ವರದಿ ಬೇಕಾದಷ್ಟು ಸಿಕ್ಕವು. ಆದರೆ ನನಗೆ ಜಾಸ್ತಿ ಕಲಿಸಿದ್ದು ಚಳಿಗಾಲದ ರಜೆಯಲ್ಲಿ ನಮ್ಮೂರಲ್ಲಿ ನೋಡಿದ ಬೋರಿಂಗ್ ರಿಪೇರಿ. ಅದು ಇಂಡಿಯಾ ಮಾರ್ಕ್ 2 ಅನ್ನೋ ಕೈಪಂಪು. 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ನಮ್ಮ ದೇಶದಲ್ಲೇ ರೂಪುಗೊಂಡದ್ದು. ಅದಕ್ಕೆ ದಾರಿ ತೋರಿಸಿದ್ದು ನಮ್ಮ ಪಕ್ಕದ ಸೊಲ್ಲಾಪುರದ ಪಂಪು. ಈಗ ಆಫ್ರಿಕಾದ ಎಷ್ಟೋ ದೇಶಗಳಲ್ಲಿ ಇದು ನೀರೆತ್ತುತ್ತಿದೆ.

ಆ ದಿನ ಸವೆದಿದ್ದದ್ದು ಕೆಳಗಿನ ಸಿಲಿಂಡರಿನ ವಾಷರ್. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು. ಅದನ್ನು ಬದಲಿಸೋದಕ್ಕೆ ಬಾವಿಯೊಳಗಿನ ಕಬ್ಬಿಣದ ಪೈಪುಗಳನ್ನೆಲ್ಲ ಒಂದೊಂದಾಗಿ ಮೇಲೆತ್ತಬೇಕು. ಒಂದೊಂದೂ 3 ಮೀಟರ್ ಉದ್ದ, ಒಳಗೆ ನೀರು ತುಂಬಿಕೊಂಡು ಇನ್ನೂ ಭಾರ. ಒಬ್ಬರು ಕ್ಲ್ಯಾಂಪ್ ಬಿಗಿಹಿಡಿದರೆ ಇಬ್ಬರು ಸ್ಪ್ಯಾನರ್ ತಿರುಗಿಸಬೇಕು. ನಾನೂ ಕೈ ಹಚ್ಚಿದೆ. ಸಂಜೆಗೆ ರಟ್ಟೆ ಬಿದ್ದುಹೋಗಿತ್ತು.

ಮಲಾವಿಯಲ್ಲಿ ಹೆಚ್ಚಾಗಿ ಇರೋದು ಆಫ್ರಿಡೆವ್ ಪಂಪು. ಅದರಲ್ಲಿ ಪೈಪು ಬಾವಿಯಲ್ಲೇ ಇರುತ್ತದೆ, ನೀರೆತ್ತುವ ಪಿಸ್ಟನ್ ಮಾತ್ರ ಪೈಪಿನೊಳಗಿಂದ ಮೇಲೆ ಬರುತ್ತದೆ. ಒಂದೇ ಸ್ಪ್ಯಾನರ್ ಸಾಕು. ಊರಿನವರೇ ರಿಪೇರಿ ಮಾಡಿಕೊಳ್ಳಲಿ ಅಂತ ಯೋಚಿಸಿ ಮಾಡಿದ ಪಂಪು. ಇಷ್ಟು ಸುಲಭ ಮಾಡಿದರೂ ಪಂಪುಗಳು ಕೆಟ್ಟು ನಿಲ್ಲುತ್ತವೆ. ನನ್ನನ್ನು ಕಾಡುತ್ತಿರೋದು ಇದೇ. ನಮ್ಮೂರಲ್ಲಿ ಬೋರಿಂಗ್ ಕೆಟ್ಟರೆ ಪಂಚಾಯ್ತಿಗೆ ಹೋಗಿ ಜಗಳ ಮಾಡುತ್ತಾರೆ. ಮಲಾವಿಯ ಹಳ್ಳಿಯಲ್ಲಿ ನೀರಿನ ಸಮಿತಿ ಮನೆಮನೆಯಿಂದ ದುಡ್ಡು ಕೂಡಿಸಿ ಬಿಡಿಭಾಗ ತರಬೇಕು, ಮೆಕ್ಯಾನಿಕ್‌ಗೂ ಅದರಲ್ಲೇ ಕೊಡಬೇಕು. ಮೆಕ್ಕೆಜೋಳದ ಸುಗ್ಗಿ ಮುಗಿದಾಗ ಕೈಯಲ್ಲಿ ನಾಲ್ಕು ಕಾಸು ಇರುತ್ತದೆ. ಮಳೆಗಾಲದಲ್ಲಿ, ಹಳೇ ಮೆಕ್ಕೆಜೋಳ ಖಾಲಿಯಾದಾಗ, ಬಡವರ ಮನೆಯಲ್ಲಿ ಊಟಕ್ಕೇ ಕಷ್ಟ. ಆಗ ಪಂಪು ಕೆಟ್ಟರೆ ಯಾರನ್ನು ಕೇಳೋದು?

"ಆ ವಿಮಾನದ ಟಿಕೆಟ್ ದುಡ್ಡಿನಲ್ಲಿ ಎಷ್ಟು ವಾಷರ್ ಬರುತ್ತಿತ್ತು?" ಅಂತ ನಮ್ಮ ಅತ್ತೆ ಕೇಳಿದರು. ನ್ಯಾಯವಾದ ಪ್ರಶ್ನೆ. ರಿಪೇರಿಗೆ ನಾನು ಬೇಕಾಗಿಲ್ಲ, ಅಲ್ಲಿನ ಮೆಕ್ಯಾನಿಕ್‌ಗಳಿಗೆ ನನಗಿಂತ ಚೆನ್ನಾಗಿ ಬರುತ್ತದೆ. ಹಾಗಾಗಿ ನಾನು ಉಳಿದ ಸಮಯವನ್ನೆಲ್ಲ ಸ್ಪ್ರೆಡ್‌ಶೀಟ್, ನಕ್ಷೆ ಮತ್ತು ಅಲ್ಲಿನ ಜನ ಆಡುವ ಚಿಚೇವಾ ಭಾಷೆಗೆ ಕೊಟ್ಟೆ. ನಾನು ವಾಪಸ್ ಬಂದ ಮೇಲೂ ಕಚೇರಿಯವರೇ ನಡೆಸಿಕೊಂಡು ಹೋಗುವಂಥ ಲೆಕ್ಕದ ಹಾಳೆ ಆಗಬೇಕು. ಅದಕ್ಕಿಂತ ಜಾಣತನದ್ದು ಯಾವುದೂ ಬೇಡ.

ಉಳಿದ ತಯಾರಿ ಎಲ್ಲರಂತೆ: ಲಸಿಕೆ, ಮಲೇರಿಯಾ ಮಾತ್ರೆ, ಸೊಳ್ಳೆಪರದೆ.

ಹಳ್ಳಿಗೆ ಹೋದಾಗ ಹೇಗೆ ಪರಿಚಯ ಹೇಳಿಕೊಳ್ಳಲಿ ಅಂತ ತುಂಬಾ ಯೋಚಿಸಿದೆ. ಹೊರಗಿನವಳು "ಎಂಜಿನಿಯರ್" ಅಂದ ಕೂಡಲೇ ಹೊಸ ಬೋರ್‌ವೆಲ್ ಬರುತ್ತದೆ ಅಂತ ಜನ ಆಸೆ ಪಡುವುದು ಸಹಜ. ಕೊಡಲಾಗದ್ದರ ಆಸೆ ಹುಟ್ಟಿಸೋದು ತಪ್ಪು. ಅದಕ್ಕೆ ಚಿಚೇವಾದಲ್ಲಿ ಹೀಗೆ ಹೇಳೋದನ್ನು ಕಲಿತಿದ್ದೇನೆ: ನಾನು ವಿದ್ಯಾರ್ಥಿ, ನೀರಿನ ಕಚೇರಿಯವರ ಜೊತೆ ಬಂದಿದ್ದೇನೆ, ನಿಮ್ಮ ಪಂಪಿನ ಬಗ್ಗೆ ಕೇಳಬೇಕು. ಆಮೇಲೆ ಸಮಿತಿಯ ಹೆಂಗಸರನ್ನು ಕೇಳೋದು ಇಷ್ಟು: ಕಳೆದ ಸಲ ಕೆಟ್ಟಾಗ ಎಷ್ಟು ದಿನ ನಿಂತಿತ್ತು, ಬಿಡಿಭಾಗ ಯಾವ ಪೇಟೆಯಿಂದ ತಂದಿರಿ, ದುಡ್ಡು ಯಾರ ಹತ್ತಿರ ಇರುತ್ತದೆ.