2^67 − 1: ಕಾಗದದ ಮೇಲೆ ಒಡೆದ ಕಥೆ

147573952589676412927. ಈ 21 ಅಂಕಿಯ ಸಂಖ್ಯೆಯನ್ನು ಕಾಗದ, ಪೆನ್ನು, ಮಾಮೂಲಿ ಕ್ಯಾಲ್ಕುಲೇಟರ್ ಹಿಡಿದು ಒಡೆದೆ, ಅಂದರೆ ಯಾವ ಎರಡು ಸಂಖ್ಯೆಗಳನ್ನು ಗುಣಿಸಿದರೆ ಇದು ಬರುತ್ತೆ ಅಂತ ಹುಡುಕಿದೆ. "ಕಂಪ್ಯೂಟರ್ ಕ್ಷಣದಲ್ಲಿ ಕೊಡುತ್ತೆ, ನಿನಗೇನು ಹುಚ್ಚಾ?" ಅಂದವರೇ ಜಾಸ್ತಿ. ಒಂದು ಅಂಕಿ ತಪ್ಪಿದರೂ ಎಲ್ಲ ನೀರುಪಾಲು ಅಂದರು ಇನ್ನು ಕೆಲವರು. ಅವರ ಮಾತು ನಿಜ. ನನಗೆ ಎರಡು ಸಲ ಹಾಗೇ ಆಯಿತು.

1903ರಲ್ಲಿ ಇದನ್ನು ಒಡೆದು ತೋರಿಸಿದ ಅಮೆರಿಕದ ಗಣಿತಜ್ಞ ಕೋಲ್, ಮೂರು ವರ್ಷದ ಭಾನುವಾರಗಳು ಹಿಡಿದವು ಅಂತ ಆಮೇಲೆ ಅಂದರಂತೆ. ನನಗೆ ಹಿಡಿದದ್ದು ಹದಿನಾಲ್ಕು ತಿಂಗಳು. ಗಣಿತಜ್ಞ ಪೊಲಾರ್ಡ್ 1974ರಲ್ಲಿ ಕೊಟ್ಟ ಪಿ ಮೈನಸ್ ಒಂದು ವಿಧಾನ ಕೋಲ್ ಕೈಯಲ್ಲಿ ಇರಲಿಲ್ಲ, ಬಿಡಿ. ಒಂದು ಚಿಕ್ಕ ಸಂಖ್ಯೆಯನ್ನು ಘಾತಕ್ಕೆ ಏರಿಸುತ್ತಾ, ಪ್ರತಿ ಸಲ ಒಡೆಯಬೇಕಾದ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳುವುದು ಆ ವಿಧಾನ. ಸಿಗಬೇಕಾದ ಅಪವರ್ತನದಿಂದ ಒಂದು ಕಳೆದಾಗ ಬರುವುದು ಚಿಕ್ಕ ಅವಿಭಾಜ್ಯಗಳಾಗಿ ಒಡೆಯುವಂತಿದ್ದರೆ ಅದು ಕೈಗೆ ಸಿಗುತ್ತೆ. ಎಷ್ಟು ದೊಡ್ಡ ಅವಿಭಾಜ್ಯದವರೆಗೆ ಹೋಗಬೇಕು ಅನ್ನುವ ಮಿತಿಗಳನ್ನು ನಾನು ಉತ್ತರ ನೋಡಿಕೊಂಡೇ ಇಟ್ಟೆ. ಚಿಕ್ಕವನ್ನೆಲ್ಲ ಒಟ್ಟಿಗೆ ಮುಗಿಸುವ ಮೊದಲ ಹಂತಕ್ಕೆ 70, ಉಳಿದ ಒಂದು ದೊಡ್ಡದನ್ನು ಹುಡುಕುವ ಎರಡನೆಯದಕ್ಕೆ 2700. ಕಳ್ಳಾಟ ಅನ್ನಿ ಬೇಕಾದರೆ. ಎಲ್ಲಿಗೆ ಮುಗಿಯುತ್ತೆ ಅಂತ ಗೊತ್ತಿಲ್ಲದೆ ಒಂದು ವರ್ಷ ಸುರಿಯುವಷ್ಟು ಧೈರ್ಯ ನನಗಿಲ್ಲ.

ಮೊದಲ ದಿನವೇ ಎಡವಟ್ಟು. ಸುಲಭ ಅಂತ 2ರಿಂದ ಶುರು ಮಾಡಿದೆ. ಬಂದ ಶೇಷಗಳೆಲ್ಲ 2ರ ಘಾತಗಳೇ! 67ನೇ ಘಾತಕ್ಕೆ 1 ಬರಲೇಬೇಕಲ್ವಾ, ಆಮೇಲೆ ಅದು ಯಾವ ಕೆಲಸಕ್ಕೂ ಬಾರದು. 3ಕ್ಕೆ ಬದಲಾಯಿಸಿದೆ. ನೂರರ ಹತ್ತಿರ ವರ್ಗ, ನಡುನಡುವೆ ಮೂರರಿಂದ ಗುಣಾಕಾರ, ಅಷ್ಟಕ್ಕೆ ಮೊದಲ ಹಂತ ಮುಗಿಯಿತು.

ದುಡ್ಡು ಹೋದದ್ದು ಕ್ಯಾಲ್ಕುಲೇಟರಿಗೆ. ಮೊದಲು ಕೊಂಡದ್ದು ಹತ್ತು ಅಂಕಿಯದು. ಆರಾರು ಅಂಕಿಯ ತುಂಡುಗಳನ್ನು ಗುಣಿಸಿದರೆ ಹನ್ನೆರಡು ಬರುತ್ತೆ, ಅದು ಬಾಲ ಕತ್ತರಿಸುತ್ತಿತ್ತು. ಮೂಲೆಗೆ ಬಿತ್ತು. ಎರಡನೆಯದರ ಸಮ ಚಿಹ್ನೆಯ ಗುಂಡಿ ಸವೆದುಹೋಯಿತು. ಮೂರನೆಯದು ಈಗಲೂ ಇದೆ. ಜೊತೆಗೆ ಹನ್ನೊಂದೋ ಹನ್ನೆರಡೋ ದಪ್ಪ ನೋಟ್‌ಬುಕ್.

ನಿಜವಾದ ಕಷ್ಟ ಎರಡನೇ ಹಂತದ್ದು. ಸುಮಾರು 370 ಅವಿಭಾಜ್ಯಗಳು, ಒಂದೊಂದಕ್ಕೂ ಎರಡು ಗುಣಾಕಾರ, ಒಂದಕ್ಕೆ ಇಪ್ಪತ್ತು ನಿಮಿಷ. ಒಂದು ಅವಿಭಾಜ್ಯದಿಂದ ಪಕ್ಕದ್ದಕ್ಕೆ ಹೋಗಲು ಬೇಕಾಗುವ ಘಾತಗಳನ್ನು, ಅಂತರಕ್ಕೊಂದರಂತೆ, ಮೊದಲೇ ಪಟ್ಟಿ ಮಾಡಿಟ್ಟಿದ್ದೆ. ಅತಿ ದೊಡ್ಡ ಅಂತರ 34, 1327ರಿಂದ 1361ಕ್ಕೆ. ಅಂತರಗಳೆಲ್ಲ ಸಮಸಂಖ್ಯೆ, ಹಾಗಾಗಿ ಹದಿನೇಳು ಸಾಲು ಸಾಕಾಯಿತು. ಪ್ರತಿ ಗುಣಾಕಾರವನ್ನೂ ಒಂಬತ್ತರ ಶೇಷದಿಂದ ತಾಳೆ ನೋಡುತ್ತಿದ್ದೆ. ಒಂದು ದಿನ 47ನ್ನು 74 ಅಂತ ಬರೆದುಬಿಟ್ಟೆ. ಅಂಕಿಗಳ ಮೊತ್ತ ಅದೇ, ಒಂಬತ್ತಕ್ಕೆ ಅದು ಗೊತ್ತಾಗಲ್ಲ! 1009ರ ಘಾತವನ್ನು ಬೇರೆ ದಾರಿಯಲ್ಲಿ ಲೆಕ್ಕ ಹಾಕಿದಾಗ ಸಿಕ್ಕಿಬಿದ್ದೆ. ಆರು ಭಾನುವಾರ ಹಾಳು. ಅಲ್ಲಿಂದ ಹನ್ನೊಂದರ ಶೇಷವನ್ನೂ ಸೇರಿಸಿದೆ. ಭಾಗಿಸುವುದನ್ನು ಅರ್ಧಕ್ಕೆ ಇಳಿಸುವ ಒಂದು ಉಪಾಯವೂ ಇದೆ, ಅದು ಸದ್ಯ ನನ್ನ ಹತ್ತಿರವೇ ಇರಲಿ.

ಮಧ್ಯೆ ಬೇಜಾರಾಗಿ 2^59 − 1ಕ್ಕೆ ಕೈ ಹಾಕಿದೆ. ಮೂರು ಭಾನುವಾರದಲ್ಲಿ 179951 ಬಂತು. ಒಂದು ಕಳೆದರೆ 2 × 25 × 59 × 61, ಎರಡನೇ ಹಂತವೇ ಬೇಡ. ಸುಮ್ನೆ ಭಾಗಿಸುತ್ತಾ ಹೋಗಿದ್ದರೂ ಸಿಗುತ್ತಿತ್ತು ಅನ್ನಿ.

ಐವತ್ತು ಅವಿಭಾಜ್ಯಕ್ಕೊಮ್ಮೆ, ಅಲ್ಲಿವರೆಗಿನ ಗುಣಲಬ್ಧಕ್ಕೂ 2^67 − 1ಕ್ಕೂ ಮ.ಸಾ.ಅ. (ಎರಡನ್ನೂ ಭಾಗಿಸುವ ಅತಿ ದೊಡ್ಡ ಸಂಖ್ಯೆ) ತೆಗೆದೆ. ಏಳು ಸಲವೂ 1. ಹುಡುಕುತ್ತಿದ್ದ ಆ ಒಂದು ದೊಡ್ಡ ಅವಿಭಾಜ್ಯ 2677. ಅದನ್ನು ದಾಟಿದ ಮೇಲೆ ತೆಗೆದ ಎಂಟನೆಯದರಲ್ಲಿ ಶೇಷ 193707721ಕ್ಕೆ ಬಂದು ನಿಂತಿತು. ಮುಂದಿನ ಸಾಲು ಸೊನ್ನೆ. ಭಾಗಿಸಿದೆ: 761838257287. ಹುಚ್ಚಾ ಅಂದವನನ್ನು ಎದುರಿಗೆ ಕೂರಿಸಿ ಎರಡನ್ನೂ ಅವನ ಕೈಯಲ್ಲೇ ಗುಣಿಸಿಸಿದೆ. ಮೊದಲ ಸಲ ಅವನು ತಪ್ಪು ಮಾಡಿದ.