ಬೆಲ್ಟ್ ಬಿಟ್ಟು ಹೆಗಲು ಹಿಡಿದೆ: .375 ತೋಟಾ ತುಂಬಿದ ನನ್ನ ಅನುಭವ

.375 ಎಚ್ ಅಂಡ್ ಎಚ್ ಮ್ಯಾಗ್ನಂ ರೈಫಲ್‌ಗೆ ನಾನೇ ತೋಟಾ ತುಂಬಿಕೊಳ್ಳಲು ಶುರು ಮಾಡಿದ್ದು ಅಭ್ಯಾಸಕ್ಕಾಗಿ. ಕಾರ್ಖಾನೆ ತೋಟಾ ದುಬಾರಿ. ದುಬಾರಿ ಆದಾಗ ಸುಮ್ನೆ ಗುರಿ ಅಭ್ಯಾಸಕ್ಕೆ ಅಂತ ಹೊಡೆಯಲು ಕೈ ಹಿಂಜರಿಯುತ್ತದೆ. ಆದರೆ ಇಷ್ಟು ದೊಡ್ಡ ರೈಫಲನ್ನು ಅಭ್ಯಾಸ ಇಲ್ಲದೆ ಬೇಟೆಗೆ ಒಯ್ಯುವುದು ನನಗೆ ಒಪ್ಪಿಗೆಯಿಲ್ಲ. ಪ್ರಾಣಿಗೆ ಒಂದೇ ಈಡು ಸರಿಯಾದ ಜಾಗಕ್ಕೆ ಬೀಳಬೇಕು. ಅಷ್ಟು ಮರ್ಯಾದೆಯನ್ನು ನಾವು ಅದಕ್ಕೆ ಕೊಡಲೇಬೇಕು. ಪರವಾನಗಿ, ಮದ್ದು ಇಟ್ಟುಕೊಳ್ಳಲು ಬೇಕಾದ ಅನುಮತಿ ಎಲ್ಲ ಮಾಡಿಸಿಕೊಂಡು, ಬಲ್ಲವರೊಬ್ಬರ ಪಕ್ಕ ಕೂತು ಕಲಿತೆ.

ತೋಟಾ ತುಂಬುವುದು ಅಂದರೆ ಮದ್ದಿನ ಲೆಕ್ಕ ಅಂತಲೇ ಹೆಚ್ಚಿನವರು ತಿಳಿದಿರುತ್ತಾರೆ. ನನ್ನ ಹೊತ್ತು ಜಾಸ್ತಿ ಹೋಗುವುದು ಖಾಲಿ ಹಿತ್ತಾಳೆ ಕೇಸಿನ ಮೇಲೆ, ಅಂದರೆ ಮದ್ದು, ಗುಂಡು ಕೂರುವ ಕೊಳವೆಯ ಮೇಲೆ. ಅದರಲ್ಲೂ ಕೇಸಿನ ಹೆಗಲ ಮೇಲೆ, ಅಂದರೆ ಅಗಲದ ಮುಂಡ ಸಣ್ಣ ಕತ್ತಿಗೆ ಇಳಿಯುವ ಓರೆ ಭಾಗದ ಮೇಲೆ.

ಈ ತೋಟಾ 1912ರದ್ದು. ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ ಇದನ್ನು ಮಾಡಿದ್ದು ಕಾರ್ಡೈಟ್ ಮದ್ದಿನ ಕಾಲದಲ್ಲಿ. ಬಿಸಿಲು ಜೋರಾದರೆ ಕಾರ್ಡೈಟ್‌ನ ಒತ್ತಡ ಏರುತ್ತಿತ್ತು. ಆಗಲೂ ಖಾಲಿ ಕೇಸು ಚೇಂಬರಿನಿಂದ (ನಳಿಗೆಯಲ್ಲಿ ತೋಟಾ ಕೂರುವ ಗೂಡು) ಸಲೀಸಾಗಿ ಹೊರಗೆ ಬರಲಿ ಅಂತ ಅದನ್ನು ಉದ್ದಕ್ಕೆ, ತುದಿಗೆ ಹೋಗ್ತಾ ಹೋಗ್ತಾ ಸಣ್ಣಗಾಗುವಂತೆ ಮಾಡಿದರು. ಹೆಗಲು ಬಹಳ ಇಳಿಜಾರು, ಬರೀ 15 ಡಿಗ್ರಿ. ಇಂಥ ಹೆಗಲನ್ನು ನಂಬಿ ತೋಟಾವನ್ನು ಚೇಂಬರಿನಲ್ಲಿ ನಿಲ್ಲಿಸುವುದು ಬೇಡ ಅಂತ ಬುಡದಲ್ಲಿ ಒಂದು ಪಟ್ಟಿ ಕೊಟ್ಟರು. ಅದೇ ಬೆಲ್ಟ್. ತೋಟಾ ಮುಂದೆ ಜಾರದಂತೆ ತಡೆಯುವುದು ಅದರ ಕೆಲಸ.

ಕೇಸನ್ನು ಒಂದೇ ಸಲ ಬಳಸಿ ಬಿಸಾಡುವವರಿಗೆ ಇದರಿಂದ ತೊಂದರೆ ಇಲ್ಲ. ಮತ್ತೆ ಮತ್ತೆ ತುಂಬುವವರಿಗೆ ಇದೆ. ಬೆಲ್ಟ್ ಹಿಡಿದುಕೊಳ್ಳುತ್ತದೆ ಅನ್ನೋ ಧೈರ್ಯದಲ್ಲಿ ಚೇಂಬರಿನ ಹೆಗಲಿನ ಕಡೆ ಜಾಗ ಸ್ವಲ್ಪ ಧಾರಾಳವಾಗಿಯೇ ಇರುತ್ತದೆ. ಗುಂಡು ಹಾರಿದಾಗ ಕೇಸಿನ ಮುಂಭಾಗದ ತೆಳು ಗೋಡೆ ಚೇಂಬರನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಹೆಗಲು ಮುಂದಿನ ಖಾಲಿ ಜಾಗಕ್ಕೆ ಉಬ್ಬುತ್ತದೆ. ಬುಡ ಹಿಂದಕ್ಕೆ ಒತ್ತಿಕೊಂಡು ಬೋಲ್ಟಿಗೆ (ಚೇಂಬರನ್ನು ಹಿಂದಿನಿಂದ ಮುಚ್ಚುವ ಭಾಗ) ಬಡಿಯುತ್ತದೆ. ನಡುವೆ ಹಿತ್ತಾಳೆ ಹಿಗ್ಗುವುದು ಬೆಲ್ಟಿಗಿಂತ ಸ್ವಲ್ಪ ಮೇಲೆ. ಆಮೇಲೆ ನಾವು ಡೈಯನ್ನು (ಉಬ್ಬಿದ ಕೇಸನ್ನು ಒತ್ತಿ ಅಳತೆಗೆ ತರುವ ಅಚ್ಚು) ಪೂರ್ತಿ ಕೆಳಗಿಳಿಸಿ ಹೆಗಲನ್ನು ಹಳೇ ಜಾಗಕ್ಕೇ ತಳ್ಳಿದರೆ ಮುಂದಿನ ಈಡಿಗೆ ಅದೇ ಕಥೆ, ಅದೇ ಜಾಗದಲ್ಲಿ ಇನ್ನಷ್ಟು ಹಿಗ್ಗು. ಹೀಗೆ ಕೆಲವು ಸಲ ಆದರೆ ಸಾಕು, ಕೇಸು ಎರಡು ತುಂಡಾಗುತ್ತದೆ. ಬುಡ ಹೊರಗೆ ಬರುತ್ತದೆ, ಮುಂಡ ಚೇಂಬರಿನಲ್ಲೇ ಉಳಿಯುತ್ತದೆ. ಬಿಸಿ ಗಾಳಿ ಹಿಂದಕ್ಕೆ ನುಗ್ಗುವ ಅಪಾಯ ಒಂದು ಕಡೆಯಾದರೆ, ಎರಡನೇ ಈಡಿಗೆ ಆ ರೈಫಲ್ ಇದ್ದೂ ಇಲ್ಲದಂತೆ.

ಹಾಗಾಗಿ ನಾನು ಬೆಲ್ಟನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ನನ್ನ ರೈಫಲ್ಲಿನಲ್ಲೇ ಹೊಡೆದ ಕೇಸಿನ ಹಳೇ ಪ್ರೈಮರ್ (ಬುಡದಲ್ಲಿ ಕೂತು ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು) ತೆಗೆದು, ಬುಡದಿಂದ ಹೆಗಲಿನವರೆಗೆ ಕ್ಯಾಲಿಪರ್‌ಗೆ ಕಂಪ್ಯಾರೇಟರ್ (ಹೆಗಲಿನ ಮೇಲೆ ಕೂರುವ ಅಳತೆಯ ತುಂಡು) ಸಿಕ್ಕಿಸಿ ಅಳೆಯುತ್ತೇನೆ. ಪ್ರೈಮರ್ ಇದ್ದರೆ ಅದರ ಉಬ್ಬಿನಿಂದ ಅಳತೆ ತಪ್ಪುತ್ತದೆ. ಒಂದು ಕೇಸು ಸಾಲದು, ಹಲವು ಅಳೆದು ಎಲ್ಲಕ್ಕಿಂತ ಉದ್ದದ್ದನ್ನು ಹಿಡಿಯಬೇಕು. ಮೊದಲ ಈಡಿಗೇ ಎಲ್ಲ ಕೇಸೂ ಚೇಂಬರಿನಷ್ಟು ಪೂರ್ತಿ ಉಬ್ಬಿರುವುದಿಲ್ಲ.

ಇನ್ನು ಡೈ. ಅದನ್ನು ಶೆಲ್ ಹೋಲ್ಡರ್ (ಕೇಸಿನ ಬುಡವನ್ನು ಹಿಡಿದಿಡುವ ಬಿಲ್ಲೆ) ಮುಟ್ಟುವವರೆಗೆ ಇಳಿಸುವುದಿಲ್ಲ. ಮೇಲಿಂದ ಶುರು ಮಾಡಿ ಚೂರು ಚೂರೇ ತಿರುಗಿಸುತ್ತೇನೆ, ಪ್ರತಿ ಸಲವೂ ಅಳೆಯುತ್ತೇನೆ. ಬೋಲ್ಟಿನಿಂದ ಫೈರಿಂಗ್ ಪಿನ್ (ಪ್ರೈಮರಿಗೆ ಬಡಿಯುವ ಮೊಳೆ) ಬಿಚ್ಚಿಟ್ಟು ಖಾಲಿ ಕೇಸನ್ನು ಚೇಂಬರಿಗೆ ಹಾಕಿ ನೋಡುತ್ತೇನೆ. ಪಿನ್‌ನ ಸ್ಪ್ರಿಂಗ್ ಇಲ್ಲದಿದ್ದಾಗ ಬೋಲ್ಟಿನ ಹಿಡಿ ಎಷ್ಟು ಹಗುರ ಅನ್ನೋದು ಮಾಡಿ ನೋಡಿದವರಿಗೇ ಗೊತ್ತು. ಕೇಸು ಸ್ವಲ್ಪ ಉದ್ದ ಇದ್ದರೂ ಹಿಡಿ ಅರ್ಧದಲ್ಲಿ ನಿಂತುಬಿಡುತ್ತದೆ. ಡೈ ಇನ್ನೊಂದು ಎಳೆ ಇಳಿದರೆ ಬೆರಳಿನಿಂದ ಒತ್ತಿದರೆ ಕೂರುತ್ತದೆ. ಮತ್ತೊಂದು ಎಳೆ ಇಳಿದಾಗ ತನ್ನ ಭಾರಕ್ಕೆ ತಾನೇ ಬೀಳುತ್ತದೆ. ನನಗೆ ಬೇಕಾದ್ದು ಆ ಜಾಗ. ಲೆಕ್ಕದಲ್ಲಿ ಹೇಳುವುದಾದರೆ ಹೊಡೆದ ಕೇಸಿಗಿಂತ ಹೆಗಲು ಸುಮಾರು 0.05 ಮಿಲಿಮೀಟರ್ ಹಿಂದೆ. ಬೇಟೆಯ ರೈಫಲ್ಲಿಗೆ ಇದಕ್ಕಿಂತ ಬಿಗಿ ಬೇಡ, ಅವಸರದಲ್ಲಿ ಬೋಲ್ಟ್ ಸಿಕ್ಕಿಕೊಳ್ಳಬಾರದು ಅಲ್ವಾ?

ಬೆಲ್ಟಿನ ಮೇಲಿನ ಜಾಗವನ್ನು ಪ್ರತಿ ಸಲ ತುಂಬುವ ಮುಂಚೆ ತಂತಿಯಿಂದ ತಡವುತ್ತೇನೆ. ಪೇಪರ್ ಕ್ಲಿಪ್ ನೇರ ಮಾಡಿ, ತುದಿಯನ್ನು ಚೂಪಾಗಿ ಉಜ್ಜಿ, ಕೊಕ್ಕೆಯ ಹಾಗೆ ಬಗ್ಗಿಸಿಕೊಂಡರೆ ಆಯಿತು. ಅದನ್ನು ಕೇಸಿನ ಒಳಗೋಡೆಗೆ ಒತ್ತಿ ತಳದಿಂದ ಮೇಲೆ ಎಳೆಯಬೇಕು. ಒಳ್ಳೇ ಕೇಸಿನಲ್ಲಿ ತಡೆ ಇಲ್ಲದೆ ಜಾರುತ್ತದೆ. ಒಳಗೆ ತೆಳುವಾಗಿದ್ದರೆ ಬೆಲ್ಟಿನ ಸ್ವಲ್ಪ ಮೇಲೆ ತುದಿ ಟಕ್ಕನೆ ಸಣ್ಣ ಹಳ್ಳಕ್ಕೆ ಬೀಳುತ್ತದೆ. ಹೊರಗಿನಿಂದ ಹೊಳೆಯುವ ಉಂಗುರ ಕಾಣಿಸುವ ಮುಂಚೆಯೇ ಒಳಗಿನ ಹಳ್ಳ ಬೆರಳಿಗೆ ಸಿಗುತ್ತದೆ. ಅಂಥ ಕೇಸಿನ ಬಾಯಿಯನ್ನು ಇಕ್ಕಳದಿಂದ ಜಜ್ಜಿ ಗುಜರಿಗೆ ಹಾಕುತ್ತೇನೆ. ಜಜ್ಜದೆ ಇಟ್ಟರೆ ಅದು ಮತ್ತೆ ಒಳ್ಳೇ ಕೇಸುಗಳ ಜೊತೆ ಸೇರಿಕೊಳ್ಳುವ ಸಾಧ್ಯತೆ ಇದೆ.

ಕೇಸಿಗೆ ಸವರುವ ಎಣ್ಣೆಯ ಬಗ್ಗೆ ಒಂದು ಮಾತು. ಕಡಿಮೆಯಾದರೆ ಕೇಸು ಡೈಯಲ್ಲಿ ಸಿಕ್ಕಿಬೀಳುತ್ತದೆ. ಹೆಚ್ಚಾದರೆ ಹೆಗಲಿನ ಮೇಲೆ ತಗ್ಗು ಬೀಳುತ್ತದೆ. ಕೇಸಿನ ಉದ್ದವೂ ಬೆಳೆಯುತ್ತಾ ಹೋಗುತ್ತದೆ, 72.39 ಮಿಲಿಮೀಟರ್ ದಾಟಬಾರದು. ದಾಟುವ ಮುಂಚೆಯೇ ಕತ್ತರಿಸಿ, ಬಾಯಿಯ ಅಂಚನ್ನು ಒಳಗೂ ಹೊರಗೂ ಉಜ್ಜಿ ನುಣುಪು ಮಾಡುತ್ತೇನೆ.

ಮದ್ದಿನ ತೂಕವನ್ನು ಇಲ್ಲಿ ಬರೆಯುವುದಿಲ್ಲ, ಬೇಕಂತಲೇ. ಒಬ್ಬರ ರೈಫಲ್ಲಿಗೆ ಹೊಂದಿದ್ದು ಇನ್ನೊಬ್ಬರದ್ದಕ್ಕೆ ಹೊಂದಬೇಕೆಂದಿಲ್ಲ. ಮದ್ದು ಮಾಡುವ ಕಂಪನಿಯ ಕೈಪಿಡಿಯೇ ಪ್ರಮಾಣ. ಅದರಲ್ಲಿ ಹೇಳಿದ ಕನಿಷ್ಠದಿಂದ ಶುರು ಮಾಡಿ, ಒಂದೊಂದೇ ಹೆಜ್ಜೆ ಏರಬೇಕು. ಬೆಂಚಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬ ಇರಬೇಕು. ಪ್ರೈಮರ್ ಚಪ್ಪಟೆಯಾಯಿತೇ ಅಂತ ನೋಡಿ ಒತ್ತಡ ಅಳೆಯುವವರಿದ್ದಾರೆ, ಅದೊಂದನ್ನೇ ನಂಬಲು ಆಗಲ್ಲ. ನಾನು ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) ಇಟ್ಟುಕೊಂಡೇ ಹೊಡೆಯುತ್ತೇನೆ. 300 ಗ್ರೇನ್ (ಸುಮಾರು 19.4 ಗ್ರಾಂ) ಗುಂಡಿಗೆ ಈ ತೋಟಾದಲ್ಲಿ ಸೆಕೆಂಡಿಗೆ ಸುಮಾರು 770 ಮೀಟರ್ ವೇಗ ವಾಡಿಕೆ. ಕೈಪಿಡಿ ಹೇಳಿದ್ದಕ್ಕಿಂತ ವೇಗ ಜಾಸ್ತಿ ಬಂತು ಅಂದರೆ ಒತ್ತಡವೂ ಏರಿದೆ ಅಂತಲೇ ಅರ್ಥ. ಅಲ್ಲಿಗೆ ನಿಲ್ಲಿಸಿ ಕೆಳಗಿಳಿಯಬೇಕು. ತಂಪು ಹೊತ್ತಿನಲ್ಲಿ ಸರಿ ಕಂಡ ತೋಟಾವನ್ನು ಬೇಟೆಯ ಹವೆಯಷ್ಟೇ ಬಿಸಿಯಲ್ಲೂ ಹೊಡೆದು ನೋಡದೆ ನಾನು ಒಪ್ಪುವುದಿಲ್ಲ.

ಈ ರೈಫಲ್ಲಿನ ಒದೆತ ಜೋರು. ಪ್ರತಿ ಈಡಿಗೂ ಮ್ಯಾಗಜಿನ್ನಿನಲ್ಲಿ ಉಳಿದ ತೋಟಾಗಳ ಗುಂಡಿನ ಮೂತಿ ಮುಂದಿನ ಗೋಡೆಗೆ ಬಡಿಯುತ್ತದೆ. ಕೇಸಿನ ಬಾಯಿಯ ಹಿಡಿತ ಸಾಲದಿದ್ದರೆ ಗುಂಡು ಕೇಸಿನೊಳಗೆ ಇಳಿದು ಒತ್ತಡ ಏರುತ್ತದೆ. ಅದಕ್ಕೆ ಮೈ ಸುತ್ತ ಗೀರು ಇರುವ ಗುಂಡನ್ನೇ ತಗೊಂಡು, ಕೇಸಿನ ಬಾಯಿಯನ್ನು ಆ ಗೀರಿಗೆ ಹದವಾಗಿ ಒತ್ತಿಸುತ್ತೇನೆ. ನಂಬಿಕೆ ಬರುವವರೆಗೆ ಒಂದು ತೋಟಾವನ್ನು ಮ್ಯಾಗಜಿನ್ನಿನ ತಳದಲ್ಲೇ ಬಿಟ್ಟು, ಮೇಲಿನವನ್ನು ಹೊಡೆದು, ಆಮೇಲೆ ಅದರ ಒಟ್ಟು ಉದ್ದ ಅಳೆಯುತ್ತೇನೆ. ಮೊದಲಿನ ಅಳತೆಯೇ ಬಂದರೆ ಸರಿ.

ಬೇಟೆಗೆ ಹೋಗುವ ತೋಟಾಗಳನ್ನು ಒಂದೊಂದಾಗಿ, ಫೈರಿಂಗ್ ಪಿನ್ ಬಿಚ್ಚಿದ ಬೋಲ್ಟಿನಲ್ಲಿ, ಮ್ಯಾಗಜಿನ್ನಿನಿಂದಲೇ ಚೇಂಬರಿಗೆ ಹಾಯಿಸಿ ನೋಡುತ್ತೇನೆ. ಸ್ವಲ್ಪ ತಡೆದರೂ ಅದು ಅಭ್ಯಾಸದ ಡಬ್ಬಕ್ಕೆ. ಹೊಸ ಕೇಸುಗಳನ್ನು ಒಂದೆರಡು ಸಲ ಹೊಡೆದ ಮೇಲೆ ಬೇಟೆಗೆ ಇಟ್ಟುಕೊಳ್ಳುತ್ತೇನೆ, ಹಳೆಯವು ಅಭ್ಯಾಸಕ್ಕೆ. ಪ್ರತಿ ಡಬ್ಬದ ಮೇಲೂ ಮದ್ದಿನ ಹೆಸರು, ತೂಕ, ಗುಂಡು, ತುಂಬಿದ ದಿನ ಬರೆದಿರುತ್ತೇನೆ. ಕೇಸು ಎಷ್ಟನೇ ಸಲದ್ದು ಅನ್ನೋದನ್ನು ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ.