ಜಿಂಕೆ ಬೇಟೆಗೆ ಆಯುಧ: ನಾನು ಆರಿಸಿದ್ದು ಹೇಗೆ

ಜಿಂಕೆ ಬೇಟೆಗೆ ಯಾವ ಬಂದೂಕು ಒಳ್ಳೆಯದು ಎಂದು ಕೇಳಿದರೆ ಹತ್ತು ಜನ ಹತ್ತು ಹೆಸರು ಹೇಳುತ್ತಾರೆ. ಹೆಚ್ಚಿನವರು ಗುಂಡಿನ ಜೋರಿನ ಬಗ್ಗೆಯೇ ಮಾತಾಡುತ್ತಾರೆ. ನಾನು ಆರಿಸಲು ಕೂತಾಗ ಬೇರೆ ಕಡೆಯಿಂದ ಶುರು ಮಾಡಿದೆ. ಪ್ರಾಣಿ ನರಳಬಾರದು, ಬೇಗ ಸಾಯಬೇಕು. ಹಾಗಾಗಬೇಕಾದರೆ ನನ್ನ ಮೊದಲ ಈಡೇ ಎದೆಗೂಡಿಗೆ ಬೀಳಬೇಕು. ನಾನು ಬೇಟೆಯಾಡುವ ದೂರದಲ್ಲಿ, ನನ್ನ ಕೈಯಲ್ಲಿ, ಅಷ್ಟನ್ನು ತಪ್ಪದೆ ಮಾಡುವ ಆಯುಧ ಯಾವುದು? ಹುಡುಕಿದ್ದು ಅದನ್ನು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಪರವಾನಗಿ ಕೊಟ್ಟು, ಋತು ಗೊತ್ತುಮಾಡಿ ಬೇಟೆಗೆ ಬಿಡುವ ದೇಶಗಳ ವಿಷಯ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ. ಅಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ.

ಬೇಟೆಗೆ ಬಿಡುವ ಕಡೆಯೂ ಅರ್ಧ ಆಯ್ಕೆಯನ್ನು ಕಾನೂನೇ ಮಾಡಿಕೊಡುತ್ತದೆ. ಇಂಗ್ಲೆಂಡಿನಲ್ಲಿ 1991ರ ಜಿಂಕೆ ಕಾಯ್ದೆ ಇದೆ. ಅದರ ಪ್ರಕಾರ ದೊಡ್ಡ ಜಾತಿಯ ಜಿಂಕೆಗಳಿಗೆ ರೈಫಲ್ಲಿನ ಕ್ಯಾಲಿಬರ್, ಅಂದರೆ ನಳಿಗೆಯ ಒಳ ಅಗಲ, .240 ಇಂಚಿಗಿಂತ ಕಡಿಮೆ ಇರಬಾರದು, ನಳಿಗೆಯ ತುದಿಯಲ್ಲಿ ಗುಂಡಿನ ಶಕ್ತಿ 1700 ಅಡಿ-ಪೌಂಡಿಗೆ (ಗುಂಡಿನ ಶಕ್ತಿ ಅಳೆಯುವ ಮಾನ) ಕಡಿಮೆ ಇರಬಾರದು. ಬ್ರಿಟನ್ನಿನಲ್ಲಿ ಬಿಲ್ಲು ಬಾಣದ ಬೇಟೆಗೆ ಅನುಮತಿಯೇ ಇಲ್ಲ. ಅಮೆರಿಕದಲ್ಲಿ ಬಿಲ್ಲಿಗೆ ಬೇರೆ ಋತುವೇ ಇರುತ್ತದೆ. ಹಾಗಾಗಿ ಅಂಗಡಿಗೆ ಹೋಗುವ ಮೊದಲು ಅಲ್ಲಿನ ನಿಯಮದ ಪುಸ್ತಕ ಓದಿ. ನಾನೂ ಅದನ್ನೇ ಮಾಡಿದೆ.

ಆಮೇಲೆ ಗುರಿಯನ್ನು ಅರ್ಥಮಾಡಿಕೊಂಡೆ. ಜಿಂಕೆ ಪಕ್ಕಕ್ಕೆ ತಿರುಗಿ ನಿಂತಾಗ ಮುಂಗಾಲಿನ ಹಿಂದೆ, ಮೈಯ ಎತ್ತರದಲ್ಲಿ ಕೆಳಗಿನ ಮೂರನೇ ಒಂದು ಭಾಗದ ಹತ್ತಿರ, ಹೃದಯ ಮತ್ತು ಶ್ವಾಸಕೋಶ ಇರುತ್ತವೆ. ಮಧ್ಯಮ ಗಾತ್ರದ ಜಿಂಕೆಯಲ್ಲಿ ಆ ಜಾಗ ಸುಮಾರು 20 ಸೆಂಟಿಮೀಟರ್ ಅಗಲದ ಒಂದು ವೃತ್ತ. ಅಷ್ಟೇ. ಅಲ್ಲಿ ಬಿದ್ದರೆ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಒಂದು ಗೇಣು ಹಿಂದಕ್ಕೆ ಸರಿದು ಹೊಟ್ಟೆಗೆ ಬಿದ್ದರೆ ಸಾಯಲು ಗಂಟೆಗಟ್ಟಲೆ ಹಿಡಿಯುತ್ತದೆ. ತಲೆಗೆ ಹೊಡೆದರೆ ಒಳ್ಳೆಯದಲ್ವಾ ಎಂದು ಕೇಳುವವರಿದ್ದಾರೆ. ತಲೆ ಚಿಕ್ಕದು, ಸದಾ ಅಲ್ಲಾಡುತ್ತಿರುತ್ತದೆ. ತಪ್ಪಿ ದವಡೆಗೆ ಬಿದ್ದರೆ ಆ ಪ್ರಾಣಿ ಮೇಯಲಾಗದೆ ದಿನಗಟ್ಟಲೆ ಅಲೆದು ಸಾಯುತ್ತದೆ. ನಾನು ತಲೆಗೆ ಗುರಿ ಇಡುವುದಿಲ್ಲ.

ಬಿಲ್ಲಿನ ಬಗ್ಗೆ ನಾನು ಗಂಭೀರವಾಗಿಯೇ ಯೋಚಿಸಿದ್ದೆ. ಸದ್ದಿಲ್ಲ, ತುಂಬಾ ಹತ್ತಿರ ಹೋಗಬೇಕು, ಆ ಶಿಸ್ತು ನನಗೆ ಇಷ್ಟ. ಆದರೆ ಬಾಣದ ಲೆಕ್ಕ ನೋಡಿ. ರಾಟೆ ಇರುವ ಒಳ್ಳೆಯ ಕಾಂಪೌಂಡ್ ಬಿಲ್ಲಿನಿಂದ ಬೇಟೆಯ ಬಾಣ ಸೆಕೆಂಡಿಗೆ ಸುಮಾರು 85 ಮೀಟರ್ ಹೋಗುತ್ತದೆ. ಶಬ್ದ ಹೋಗುವುದು 340 ಮೀಟರ್. ಜಿಂಕೆ 30 ಮೀಟರ್ ದೂರದಲ್ಲಿದ್ದರೆ ಹೆದೆಯ ಸದ್ದು ಅದರ ಕಿವಿಗೆ ಮುಟ್ಟಿ ಕಾಲು ಸೆಕೆಂಡ್ ಆದ ಮೇಲೆ ಬಾಣ ಬರುತ್ತದೆ. ಬೆಚ್ಚಿದ ಜಿಂಕೆ ನೆಗೆಯಲು ಮೊದಲು ಮೈಯನ್ನು ಕೆಳಕ್ಕೆ ಕುಗ್ಗಿಸುತ್ತದೆ. ಕಾಲು ಸೆಕೆಂಡಿನಲ್ಲಿ ಅದು ಒಂದು ಗೇಣು ಇಳಿದಿರುತ್ತದೆ. ಶ್ವಾಸಕೋಶಕ್ಕೆ ಬಿಟ್ಟ ಬಾಣ ಬೆನ್ನಿಗೆ ಬೀಳುತ್ತದೆ. 15 ಮೀಟರಿನಲ್ಲಾದರೆ ಆ ಸಮಯ ಅರ್ಧಕ್ಕೆ ಇಳಿಯುತ್ತದೆ. ಹಾಗಂತ ಬಿಲ್ಲು ಕ್ರೂರ ಅಲ್ಲ. ಬ್ಲೇಡಿನಷ್ಟು ಹರಿತವಾದ ಮೊನೆ ಎರಡೂ ಶ್ವಾಸಕೋಶವನ್ನು ದಾಟಿ ಹೊರಬಂದರೆ ಸಾವು ಬೇಗನೇ ಬರುತ್ತದೆ. ಆದರೆ ಅದಕ್ಕೆ ವರ್ಷವಿಡೀ ಅಭ್ಯಾಸ ಬೇಕು, 20 ಮೀಟರ್ ಒಳಗೆ ಬರುವವರೆಗೆ ಕಾಯುವ ತಾಳ್ಮೆ ಬೇಕು. ನನಗೆ ಅಭ್ಯಾಸಕ್ಕೆ ಸಿಗುವುದು ವಾರಾಂತ್ಯ ಮಾತ್ರ. ಅದಕ್ಕೇ ಬಿಲ್ಲನ್ನು ಬಿಟ್ಟೆ.

ಸಣ್ಣ ಸಣ್ಣ ಗುಂಡುಗಳನ್ನು ಒಟ್ಟಿಗೆ ಹಾರಿಸುವ ಚರೆ ಕೋವಿಯ ತೋಟಾವನ್ನು ನೋಡಿ ಕೂಡಲೇ ಬದಿಗಿಟ್ಟೆ. ದೂರ ಹೆಚ್ಚಾದಂತೆ ಚರೆ ಚದುರುತ್ತದೆ, ಒಂದೆರಡು ಮಾತ್ರ ತಾಗಿ ಪ್ರಾಣಿ ಗಾಯಗೊಂಡು ಓಡಿಹೋಗುತ್ತದೆ. ಅದೇ ಕೋವಿಗೆ ಒಂಟಿ ಗುಂಡಿನ ಸ್ಲಗ್ ಹಾಕಿದರೆ ವಿಷಯ ಬೇರೆ. 70-80 ಮೀಟರ್ ಒಳಗೆ, ಸರಿಯಾಗಿ ಗುರಿ ಕಟ್ಟಿದ ಕೋವಿಯಾದರೆ, ಅದು ನಂಬಬಹುದಾದ ಆಯುಧ. ಗುಂಡು ಹಾರುವಾಗ ಭುಜಕ್ಕೆ ಬೀಳುವ ಒದೆತ ಮಾತ್ರ ಜಾಸ್ತಿ.

ಕೊನೆಗೆ ಉಳಿದದ್ದು ರೈಫಲ್. ಇಲ್ಲೇ ನಾನು ಹೆಚ್ಚು ಸಮಯ ಕಳೆದೆ.

ಬೇಟೆಗಾರರು ಹಳೆಯ ಕಾಲದಿಂದ ಒಪ್ಪಿಕೊಂಡು ಬಂದ ಒಂದು ಅಂದಾಜಿದೆ. ಮಧ್ಯಮ ಗಾತ್ರದ ಜಿಂಕೆಗೆ ತಾಗುವಾಗ ಗುಂಡಿನಲ್ಲಿ 1000 ಅಡಿ-ಪೌಂಡ್ ಶಕ್ತಿ ಉಳಿದಿರಬೇಕು ಎಂದು. 1955ರಲ್ಲಿ ಬಂದ .243 ವಿಂಚೆಸ್ಟರ್ ಎಂಬ ತೋಟಾ 100 ಗ್ರೇನ್ ಗುಂಡಿನೊಂದಿಗೆ 300 ಗಜದಲ್ಲೂ ಅಷ್ಟನ್ನು ಉಳಿಸಿಕೊಳ್ಳುತ್ತದೆ. ಒಂದು ಗ್ರೇನ್ ಎಂದರೆ 0.065 ಗ್ರಾಂ, ಆ ಗುಂಡಿನ ತೂಕ ಬರೀ ಆರೂವರೆ ಗ್ರಾಂ. 1925ರ .270 ವಿಂಚೆಸ್ಟರ್, 1952ರ .308, 1906ರ .30-06 ಎಲ್ಲವೂ ಅದಕ್ಕಿಂತ ಜೋರು. ಹಾಗಾದರೆ ಈ ಸಾಲಿನಲ್ಲಿ ಯಾವುದನ್ನು ತೆಗೆದುಕೊಂಡರೂ ಜಿಂಕೆಗೆ ಸಾಕು. ಮದ್ದು ಹೆಚ್ಚು ತುಂಬಿದ ಇನ್ನೂ ದೊಡ್ಡ ಮ್ಯಾಗ್ನಂ ತೋಟಾಗಳಿಂದ ಜಿಂಕೆ ಹೆಚ್ಚು ಸಾಯುವುದಿಲ್ಲ, ಭುಜ ಹೆಚ್ಚು ನೋಯುತ್ತದೆ ಅಷ್ಟೇ.

ಆದ್ದರಿಂದ ಒದೆತವನ್ನೇ ಅಳತೆಗೋಲು ಮಾಡಿಕೊಂಡೆ. ಪರಿಚಯದವರಿಂದ ಬೇರೆ ಬೇರೆ ರೈಫಲ್ ಕೇಳಿ ಪಡೆದು, ಗುರಿ ಅಭ್ಯಾಸದ ಮೈದಾನದಲ್ಲಿ ಒಂದು ಪರೀಕ್ಷೆ ನಡೆಸಿದೆ. ಗೆಳೆಯನೊಬ್ಬ ಮ್ಯಾಗಜಿನ್ನಿಗೆ ನಿಜವಾದ ತೋಟಾಗಳ ನಡುವೆ ಮದ್ದಿಲ್ಲದ ಡಮ್ಮಿ ತೋಟಾ ಸೇರಿಸಿ ಕೊಡುತ್ತಿದ್ದ. ಡಮ್ಮಿ ಯಾವಾಗ ಬರುತ್ತದೆ ಎಂದು ನನಗೆ ಗೊತ್ತಿರುತ್ತಿರಲಿಲ್ಲ. ಟ್ರಿಗರ್ ಎಳೆದಾಗ ಬರೀ ಟಕ್ ಎನ್ನುತ್ತದೆ. ಆ ಕ್ಷಣ ನಳಿಗೆಯ ತುದಿ ಏನು ಮಾಡುತ್ತದೆ ಎಂದು ಅವನು ಪಕ್ಕದಿಂದ ನೋಡಬೇಕು. .300 ಮ್ಯಾಗ್ನಂನಲ್ಲಿ ತುದಿ ಚೆನ್ನಾಗಿಯೇ ಕೆಳಕ್ಕೆ ಕುಕ್ಕಿತು. .308ರಲ್ಲಿ ಸ್ವಲ್ಪ ಅಲುಗಿತು. .243ರಲ್ಲಿ ಅಲುಗಲೇ ಇಲ್ಲ. ಒದೆತಕ್ಕೆ ಮೈ ಮೊದಲೇ ಬಿಗಿದುಕೊಳ್ಳುವುದು ಮನಸ್ಸಿನ ಹಿಡಿತದಲ್ಲಿ ಇರುವುದಿಲ್ಲ. ಎಷ್ಟು ಗಟ್ಟಿಗನಾದರೂ ಒಂದು ಮಟ್ಟ ದಾಟಿದ ಮೇಲೆ ಅದು ಬರುತ್ತದೆ. 100 ಮೀಟರಿನಲ್ಲಿ ನಳಿಗೆಯ ತುದಿ ಒಂದು ಮಿಲಿಮೀಟರಿನಷ್ಟು ಸರಿದರೂ ಆ 20 ಸೆಂಟಿಮೀಟರ್ ವೃತ್ತದಿಂದ ಆಚೆ ಹೋಗುವ ದಾರಿ ತೆರೆದಂತೆ.

ಆದರೂ ನಾನು .243 ತೆಗೆದುಕೊಳ್ಳಲಿಲ್ಲ. ಕಾರಣ ಗುಂಡು. ಆಯುಧ ಆರಿಸುವವರು ಗುಂಡಿನ ಆಯ್ಕೆಗೆ ಅರ್ಧ ಗಮನವನ್ನೂ ಕೊಡುವುದಿಲ್ಲ. ಇದು ನನಗೆ ಬೇಸರದ ವಿಷಯ. ಪೂರ್ತಿ ಲೋಹದ ಹೊದಿಕೆ ಇರುವ ಮಿಲಿಟರಿ ತರಹದ ಗುಂಡು ಹಿಗ್ಗದೆ ಸೂಜಿಯಂತೆ ತೂರಿ ಹೋಗುತ್ತದೆ, ಪ್ರಾಣಿ ಗಾಯ ಹೊತ್ತು ಓಡುತ್ತದೆ. ಬಹಳ ಕಡೆ ಅದನ್ನು ಬೇಟೆಗೆ ನಿಷೇಧಿಸಿದ್ದಾರೆ. ಬೇಟೆಗೆ ಬೇಕಾದದ್ದು ತಾಗಿದ ಕೂಡಲೇ ಅಣಬೆಯ ಹಾಗೆ ಅರಳುವ, ಆದರೂ ಚೂರಾಗದೆ ಇನ್ನೊಂದು ಬದಿಯಿಂದ ಹೊರಬೀಳುವ ಗುಂಡು. ಎರಡು ತೂತಾದರೆ ರಕ್ತ ಜಾಸ್ತಿ ಸುರಿಯುತ್ತದೆ, ಜಾಡು ಹಿಡಿಯುವುದು ಸುಲಭ. ರಕ್ತದಲ್ಲಿ ತಿಳಿಗೆಂಪು ನೊರೆ ಕಂಡರೆ ಏಟು ಬಿದ್ದದ್ದು ಶ್ವಾಸಕೋಶಕ್ಕೆ, ಅರ್ಧ ಗಂಟೆ ಕಾದು ಹೋಗಬಹುದು. ಹಸಿರು ಬೆರೆತು ನಾತ ಬಂದರೆ ಹೊಟ್ಟೆ. ಆಗ ಹಲವು ಗಂಟೆ ಕಾಯಲೇಬೇಕು. ಅವಸರ ಮಾಡಿ ಹಿಂದೆ ಬಿದ್ದರೆ ಅದು ಎದ್ದು ಇನ್ನೂ ದೂರ ಓಡುತ್ತದೆ.

ಸೀಸದ ಗುಂಡು ಚೆನ್ನಾಗಿ ಅರಳುತ್ತದೆ, ಆದರೆ ಸಣ್ಣ ಸಣ್ಣ ಚೂರು ಮಾಂಸದೊಳಗೆ ಚೆಲ್ಲುತ್ತದೆ. ಬೇಟೆಯಾದ ಜಿಂಕೆಗಳ ಎಕ್ಸ್-ರೇಯಲ್ಲಿ ಗಾಯದಿಂದ ಸಾಕಷ್ಟು ದೂರದವರೆಗೂ ಆ ಚೂರು ಕಂಡಿವೆ. ಕಾಡಿನಲ್ಲಿ ಬಿಟ್ಟುಬಂದ ಕರುಳು ತಿಂದು ಹದ್ದು, ರಣಹದ್ದುಗಳಿಗೆ ವಿಷವೇರುತ್ತದೆ. ಕ್ಯಾಲಿಫೋರ್ನಿಯಾ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡನ್ನು ಪೂರ್ತಿ ನಿಲ್ಲಿಸಿತು. ಒಂದು ಜಿಂಕೆಯನ್ನು ನೋವಿಲ್ಲದೆ ಕೊಲ್ಲುವ ಚಿಂತೆ ಇದ್ದವರಿಗೆ ಆಮೇಲೆ ಬರುವ ಹದ್ದಿನ ಚಿಂತೆಯೂ ಇರಬೇಕು. ಹಾಗಾಗಿ ನನಗೆ ತಾಮ್ರದ ಗುಂಡೇ ಬೇಕಿತ್ತು. ತಾಮ್ರ ಸೀಸಕ್ಕಿಂತ ಹಗುರ. ಅಷ್ಟೇ ಗಾತ್ರದ ಗುಂಡಿನ ತೂಕ ಇಳಿಯುತ್ತದೆ. ಅರಳಲು ವೇಗವೂ ಬೇಕು. .243ರಲ್ಲಿ ತಾಮ್ರದ ಗುಂಡು ನನಗೆ ತೀರಾ ಹಗುರ ಎನಿಸಿತು. .308ಕ್ಕೂ .243ಕ್ಕೂ ನಡುವೆ ಒದೆತ ಇರುವ 6.5 ಕ್ರೀಡ್‌ಮೂರ್ ನೋಡಿದೆ. 2007ರಲ್ಲಿ ಬಂದ ತೋಟಾ ಅದು. ಅದರಲ್ಲಿ 120 ಗ್ರೇನಿನ ತಾಮ್ರದ ಗುಂಡು ಸಿಗುತ್ತದೆ. ಡಮ್ಮಿ ಪರೀಕ್ಷೆಯಲ್ಲಿ ನಳಿಗೆ ಅಲುಗಲಿಲ್ಲ. ಅದನ್ನೇ ಕೊಂಡೆ.

ಕೊಂಡ ಮೇಲಿನ ಕೆಲಸ ದೊಡ್ಡದು. ಮೇಜಿನ ಮೇಲೆ ಮರಳಿನ ಚೀಲ ಇಟ್ಟು ಹೊಡೆದರೆ ರೈಫಲ್ ಎಷ್ಟು ಒಳ್ಳೆಯದು ಎಂದು ಗೊತ್ತಾಗುತ್ತದೆ, ನಾನು ಎಷ್ಟು ಒಳ್ಳೆಯವನು ಎಂದು ಗೊತ್ತಾಗುವುದಿಲ್ಲ. ಕಾಡಿನಲ್ಲಿ ಮೇಜು ಇರುವುದಿಲ್ಲ ಅಲ್ವಾ? 100 ಮೀಟರಿಗೆ ಸ್ಕೋಪ್ (ರೈಫಲ್ಲಿನ ಮೇಲಿನ ಗುರಿ ದುರ್ಬೀನು) ಗುರಿ ಕಟ್ಟಿದ ಮೇಲೆ ಮೇಜಿನ ಕಡೆ ಹೋಗಲೇ ಇಲ್ಲ. 20 ಸೆಂಟಿಮೀಟರಿನ ಪೇಪರ್ ತಟ್ಟೆ ಕಟ್ಟಿ, ದಿಬ್ಬವೊಂದನ್ನು ಬೇಗ ಬೇಗ ಹತ್ತಿ, ಉಸಿರು ಇನ್ನೂ ಏರಿಳಿಯುತ್ತಿರುವಾಗಲೇ ಹೊಡೆದೆ. ನಿಂತು, ಮಂಡಿಯೂರಿ, ಕೂತು, ಕವೆಗೋಲಿನ ಆಸರೆಯಲ್ಲಿ. ಐದಕ್ಕೆ ಐದೂ ತಟ್ಟೆಯಲ್ಲಿ ಬಿದ್ದರೆ ಆ ದೂರ ನನ್ನದು. ನಾಲ್ಕು ಬಿದ್ದರೆ ಅಲ್ಲ. ನಿಂತು ಹೊಡೆಯುವಾಗ ನನ್ನ ಮಿತಿ 50 ಮೀಟರ್. ಕವೆಗೋಲಿನ ಮೇಲೆ 150. ಆ ತೋಟಾ 400 ಮೀಟರ್ ಆಚೆಗೂ ಹೋಗಬಲ್ಲದು, ಆದರೆ ನಾನು 150ಕ್ಕೆ ನಿಲ್ಲುತ್ತೇನೆ. ಗಾಳಿ ಜೋರಿದ್ದರೆ ಅದಕ್ಕೂ ಮೊದಲೇ. ತಣ್ಣಗಿರುವ ನಳಿಗೆಯ ಮೊದಲ ಈಡನ್ನೇ ಲೆಕ್ಕಕ್ಕೆ ಹಿಡಿಯುತ್ತೇನೆ, ಏಕೆಂದರೆ ಕಾಡಿನಲ್ಲಿ ಹೊಡೆಯುವುದು ಅದನ್ನೇ. ಪ್ರತಿ ಋತುವಿನ ಮೊದಲು ಈ ತಟ್ಟೆಯ ಪರೀಕ್ಷೆ ಮತ್ತೆ ಆಗಲೇಬೇಕು. ಕಣ್ಣು, ಕೈ ಎರಡೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ.

ಈಚೆಗೆ ಗೆಳತಿಯೊಬ್ಬಳು ಇದೇ ದಾರಿಯಲ್ಲಿ ಆರಿಸಿಕೊಂಡಳು. ಅವಳ ತೋಳು ಗಿಡ್ಡ. ನನ್ನ ರೈಫಲ್ಲಿನಲ್ಲಿ ಭುಜಕ್ಕೆ ಒತ್ತಿ ಹಿಡಿಯುವ ಹಿಂಬದಿ ಅವಳಿಗೆ ಉದ್ದವಾಗಿ, ಸ್ಕೋಪಿಗೆ ಕಣ್ಣು ಸರಿಯಾಗಿ ಕೂರುತ್ತಿರಲಿಲ್ಲ. ಹಿಂಬದಿ ಗಿಡ್ಡ ಇರುವ .243 ಅವಳಿಗೆ ಹೊಂದಿತು. ಹಗುರವಾದ ತಾಮ್ರದ ಗುಂಡು ದೂರಕ್ಕೆ ವೇಗ ಕಳೆದುಕೊಳ್ಳುತ್ತದೆ ಎಂದು ನಾನು ಎಚ್ಚರಿಸಿದೆ. ಅವಳು ಹೋಗುವುದು ದಟ್ಟ ಪೊದೆಯ ಕಾಡಿಗೆ, ಅಲ್ಲಿ 80 ಮೀಟರ್ ಆಚೆ ಕಣ್ಣಿಗೇ ಕಾಣುವುದಿಲ್ಲ. ಆ ದೂರದಲ್ಲಿ ಅವಳ ಐದೂ ಈಡು ತಟ್ಟೆಯಲ್ಲಿದ್ದವು, ಅದೂ ಒಂದು ಅಂಗೈ ಅಗಲದಲ್ಲಿ.